ಕುಮಾರಪರ್ವತಕ್ಕೆ ಹೊರಟವರ ನೀರಿನ ಲೆಕ್ಕ

ಚಿತ್ರದುರ್ಗದ ಕೋಟೆಗೆ ಹೋದವರು ಸುತ್ತುಗಳನ್ನು ಎಣಿಸುತ್ತಾರೆ, ಬತೇರಿಗಳನ್ನು ಬೆರಗಿನಿಂದ ನೋಡುತ್ತಾರೆ. ಆದರೆ ಆ ಬಂಡೆಗಳ ನಡುವೆ ಒಂದು ಊರು ಬಾಳಿ ಬದುಕಿದ್ದು ನೀರಿನಿಂದ. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ ನೀರು ಇಳಿಯುವಂತೆ ಹಿಂದಿನವರು ಏರ್ಪಾಡು ಮಾಡಿದ್ದರು. ಓಬವ್ವನ ಕಥೆಯಲ್ಲಿಯೂ ಆಕೆ ಹೊರಟದ್ದು ಗಂಡನ ಊಟದ ಹೊತ್ತಿಗೆ ನೀರು ತರಲೆಂದೇ ಅಲ್ಲವೆ? ಎತ್ತರದಲ್ಲಿ ಇರಬೇಕಾದವರ ಮೊದಲ ಚಿಂತೆ ನೀರು. ಈ ಮಾತು ಬೆನ್ನಿಗೆ ಚೀಲ ಕಟ್ಟಿ ಘಟ್ಟದ ಕಡೆ ಹೊರಡುವ ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ತರುಣರಿಗೂ ಸಲ್ಲುತ್ತದೆ.

ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ, 1930 ಮೀಟರ್. ಹಾಗಿದ್ದೂ ಅದನ್ನು ಹತ್ತುವುದು ಕಷ್ಟವಲ್ಲ. ವಾಹನದ ರಸ್ತೆ ಬಹುದೂರ ಮೇಲೇರಿ ಹೋಗುತ್ತದೆ. ಕೊಡಗು ಮತ್ತು ದಕ್ಷಿಣ ಕನ್ನಡದ ಗಡಿಯಲ್ಲಿರುವ ಕುಮಾರಪರ್ವತ, ಅಂದರೆ ಪುಷ್ಪಗಿರಿ, 1712 ಮೀಟರ್ ಮಾತ್ರ. ಆದರೆ ಚಾರಣ ಶುರುವಾಗುವ ಕುಕ್ಕೆ ಸುಬ್ರಹ್ಮಣ್ಯ ಸಮುದ್ರಮಟ್ಟದಿಂದ ನೂರು ಚಿಲ್ಲರೆ ಮೀಟರ್ ಎತ್ತರದಲ್ಲಷ್ಟೇ ಇದೆ. ಹೀಗಾಗಿ ಕಾಲ್ನಡಿಗೆಯಲ್ಲಿ ಏರಬೇಕಾದದ್ದು ಒಂದೂವರೆ ಸಾವಿರ ಮೀಟರಿಗೂ ಮಿಕ್ಕಿ. ಶಿಖರ ಎಷ್ಟು ಎತ್ತರ ಎಂದು ಕೇಳುವುದಕ್ಕಿಂತ ನಾವು ಎಷ್ಟು ಏರಬೇಕು ಎಂದು ಕೇಳುವುದು ಜಾಣತನ.

ಸ್ಕಾಟ್ಲೆಂಡಿನ ನೈಸ್ಮಿತ್ ಎಂಬಾತ 1892ರಲ್ಲಿ ಒಂದು ಸರಳ ಲೆಕ್ಕ ಕೊಟ್ಟ: ಮೂರು ಮೈಲಿಗೆ ಒಂದು ಗಂಟೆ, ಎರಡು ಸಾವಿರ ಅಡಿ ಏರಿಗೆ ಇನ್ನೊಂದು ಗಂಟೆ. ಕುಕ್ಕೆಯಿಂದ ಶಿಖರಕ್ಕೆ ಸುಮಾರು 13 ಕಿಲೋಮೀಟರ್, ಅಂದರೆ ಎಂಟು ಮೈಲಿ. ಏರು ಐದು ಸಾವಿರ ಅಡಿಗೂ ಹೆಚ್ಚು. ಈ ಲೆಕ್ಕದಲ್ಲಿ ಐದೂಕಾಲು ಗಂಟೆ. ಅದೂ ಗಟ್ಟಿಗ, ಹೊರೆಯಿಲ್ಲದೆ, ಎಲ್ಲೂ ಕೂರದೆ ನಡೆದರೆ. ಬೆನ್ನ ಮೇಲೆ ಹತ್ತು ಕಿಲೋ ಇದ್ದು, ಗಿರಿಗದ್ದೆ ದಾಟಿದ ಮೇಲೆ ಹುಲ್ಲುಗಾವಲಿನ ಬಿಸಿಲು ನೆತ್ತಿಗೆ ಬಡಿದರೆ ಏಳೆಂಟು ಗಂಟೆ ಹಿಡಿಯುತ್ತದೆ. ಶೇಷಪರ್ವತವನ್ನು ಮುಟ್ಟಿ, ಇನ್ನೇನು ಬಂತು ಎಂದುಕೊಳ್ಳುವಷ್ಟರಲ್ಲಿ ದಾರಿ ಕಾಡಿನೊಳಕ್ಕೆ ಇಳಿದು ಮತ್ತೆ ಏರುತ್ತದೆ. ಈ ಚಾರಣಕ್ಕೆ ಎರಡು ದಿನ ಇಟ್ಟುಕೊಳ್ಳುವ ವಾಡಿಕೆ ಹುಟ್ಟಿದ್ದು ಇದರಿಂದಲೇ. ಗಿರಿಗದ್ದೆಯ ಭಟ್ಟರ ಮನೆ ದಶಕಗಳ ಕಾಲ ಚಾರಣಿಗರಿಗೆ ಅನ್ನ ಸಾರು ಬಡಿಸಿ ಹೆಸರಾದದ್ದೂ ಇದರಿಂದಲೇ.

ಬಯಲುಸೀಮೆಯವರು ಇಲ್ಲಿ ಒಂದು ವಿಷಯದಲ್ಲಿ ಮೋಸ ಹೋಗುತ್ತಾರೆ. ಹಿರಿಯೂರಿನ ಬಿಸಿಲನ್ನೇ ತಡೆದವರಿಗೆ ಘಟ್ಟದ ಬಿಸಿಲು ಯಾವ ಲೆಕ್ಕ ಎಂಬ ಧೈರ್ಯ. ಆದರೆ ಒಣಹವೆಯಲ್ಲಿ ಬೆವರು ಬೇಗ ಆರಿ ಮೈ ತಂಪಾಗುತ್ತದೆ. ಕುಕ್ಕೆಯ ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಸುಮ್ಮನೆ ಸುರಿಯುತ್ತದೆ. ನೀರೂ ಹೋಗುತ್ತದೆ, ಮೈಯೂ ತಣಿಯುವುದಿಲ್ಲ. ಗಂಟೆಗೆ ಅರ್ಧ ಲೀಟರ್ ಕುಡಿದರೂ ಮೇಲೇರುವ ಹೊತ್ತಿಗೆ ಮೂರೂವರೆ ನಾಲ್ಕು ಲೀಟರ್ ಬೇಕು. ಅಷ್ಟೇ ಕಿಲೋ ಹೊರೆ! ಕಲ್ಲುಮಂಟಪದ ಬಳಿ ನೀರು ಸಿಗುವುದುಂಟು, ಬೇಸಿಗೆ ಹತ್ತಿರವಾದಂತೆ ಅದನ್ನು ನಂಬುವಂತಿಲ್ಲ. ಬರಿಯ ನೀರೂ ಸಾಲದು, ಬೆವರಿನೊಡನೆ ಹೋದ ಉಪ್ಪು ಮರಳಿ ಬರಬೇಕು. ಚಿಟಿಕೆ ಉಪ್ಪು, ತುಸು ಬೆಲ್ಲ, ನಿಂಬೆಹುಳಿ ಸಾಕು.

ತಿಂಡಿಗೆ ಅಂಗಡಿಯ ಬಣ್ಣದ ಪೊಟ್ಟಣಗಳು ಬೇಕಿಲ್ಲ. ಚಳ್ಳಕೆರೆಯ ಶೇಂಗಾ, ಹೊಸದುರ್ಗದ ಕೊಬ್ಬರಿ, ಜೊತೆಗೆ ಬೆಲ್ಲ. ನೂರು ಗ್ರಾಂ ಶೇಂಗಾದಲ್ಲಿ ಐನೂರೈವತ್ತು ಕ್ಯಾಲೊರಿಗೂ ಹೆಚ್ಚಿದೆ, ಕೊಬ್ಬರಿಯಲ್ಲಿ ಇನ್ನೂ ಜಾಸ್ತಿ. ಹೊರೆಗೆ ಹೋಲಿಸಿದರೆ ಇದಕ್ಕಿಂತ ಲಾಭದ ಬುತ್ತಿ ಸಿಗುವುದು ಕಷ್ಟ. ಹೊರಡುವ ಮುನ್ನ ಮೂರ್ನಾಲ್ಕು ವಾರ ಅದೇ ಹೊರೆ ಹೊತ್ತು ಜೋಗಿಮಟ್ಟಿ ಹತ್ತಿ ಇಳಿದರೆ ಕಾಲಿಗೆ ಅಭ್ಯಾಸವಾಗುತ್ತದೆ, ಹೊಸ ಬೂಟು ಎಲ್ಲಿ ಕಚ್ಚುತ್ತದೆಂಬುದೂ ಊರಲ್ಲೇ ತಿಳಿಯುತ್ತದೆ.

ಕಾಲ ನೋಡಿ ಹೋಗಬೇಕು. ಮಳೆಗಾಲದಲ್ಲಿ ಜಾರುವ ಕಲ್ಲು, ಇಂಬಳ; ಬೇಸಿಗೆಯಲ್ಲಿ ಒಣಹುಲ್ಲಿಗೆ ಕಾಳ್ಗಿಚ್ಚಿನ ಭಯ. ಮಳೆ ನಿಂತ ಮೇಲಿನ ಮೂರು ನಾಲ್ಕು ತಿಂಗಳೇ ಸರಿ. ಎಲ್ಲರೂ ಆಗಲೇ ಬರುತ್ತಾರೆಂಬುದೇ ತೊಡಕು. 2024ರ ಜನವರಿ ಕೊನೆಯ ರಜೆಗಳಲ್ಲಿ ಸಾವಿರಾರು ಜನ ಒಮ್ಮೆಗೇ ಏರಿ, ಕಾಲುದಾರಿ ಜಾತ್ರೆಯಾಯಿತು. ಸರ್ಕಾರ ಚಾರಣವನ್ನು ತಡೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅಂತರ್ಜಾಲದ ಮುಂಗಡ ನೋಂದಣಿ ಮತ್ತು ದಿನಕ್ಕೆ 300 ಜನರ ಮಿತಿ ಬಂದವು. ಇದು ವನ್ಯಜೀವಿಧಾಮ, ಶಿಖರದ ಮೇಲೆ ಬಿಡಾರ ಹೂಡುವಂತಿಲ್ಲ. ರಾತ್ರಿ ಎಲ್ಲಿ ತಂಗಬಹುದೆಂಬುದನ್ನು ನೋಂದಣಿಯ ವೇಳೆಯಲ್ಲಿಯೇ ಕೇಳಿ ಖಚಿತಪಡಿಸಿಕೊಳ್ಳಬೇಕು.

ಇಳಿಯುವುದನ್ನು ಲೆಕ್ಕಕ್ಕೆ ಹಿಡಿಯದವರೇ ಹೆಚ್ಚು. ಉಸಿರಿಗೆ ಇಳಿಜಾರು ಸುಲಭ, ಮಂಡಿಗಲ್ಲ. ಕೊನೆಯ ಕೆಲವು ಕಿಲೋಮೀಟರ್ ದಟ್ಟ ಕಾಡು. ಅಲ್ಲಿ ಬೇರುಗಳು ದಾರಿಗೆ ಅಡ್ಡ ಬಿದ್ದಿರುತ್ತವೆ, ಹೊರಗೆ ಬೆಳಕಿರುವಾಗಲೇ ಒಳಗೆ ಕತ್ತಲಾಗುತ್ತದೆ. ಶಿಖರದಿಂದ ಎಷ್ಟು ಹೊತ್ತಿಗೆ ಹಿಂದಿರುಗಬೇಕೆಂಬುದನ್ನು ಮನೆಯಲ್ಲೇ ಗೊತ್ತುಮಾಡಿಕೊಂಡು, ಅಷ್ಟರೊಳಗೆ ತುದಿ ಮುಟ್ಟದಿದ್ದರೂ ತಿರುಗಿ ಇಳಿಯಬೇಕು. ಚೀಲದಲ್ಲಿ ಒಂದು ಟಾರ್ಚ್ ಇರಲಿ, ಒಂದು ಲೀಟರ್ ನೀರು ಆ ಕೊನೆಯ ದಾರಿಗೆಂದು ಮೀಸಲಿರಲಿ.