ನಿಮಗಿದು ಗೊತ್ತೇ? ಮ್ಯಾಸ ನಾಯಕರ ಹೆಸರಿನ ಹಿಂದೆ

● ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ನಾಯಕ ಸಮುದಾಯದಲ್ಲಿ ಎರಡು ಕವಲುಗಳಿವೆ: ಊರ ನಾಯಕರು, ಮ್ಯಾಸ ನಾಯಕರು. ಊರೊಳಗೆ ನೆಲೆ ನಿಂತವರು ಊರವರು. ಅಡವಿ, ಕಾವಲುಗಳಲ್ಲಿ ದನ ಕಾಯುತ್ತ, ಬೇಟೆಯಾಡುತ್ತ ಬಾಳಿದವರು ಮ್ಯಾಸರು.

● 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನರ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳು ‘ಮ್ಯಾಸ’ ಪದಕ್ಕೆ ಹುಲ್ಲುಗಾವಲು ಎಂಬ ಅರ್ಥ ಕೊಡುತ್ತವೆ.

● ನಾಯಕರ ಇನ್ನೊಂದು ಹೆಸರಾದ ‘ಬೇಡ’ ಮತ್ತು ‘ಬೇಟೆ’ ಒಂದೇ ಬೇರಿನ ಪದಗಳು. ತಮಿಳಿನ ‘ವೇಡರ್’, ‘ವೇಟ್ಟೈ’ ಇವುಗಳ ಬಳಗವೇ. ಆಂಧ್ರದ ಕಡೆ ಇದೇ ಸಮುದಾಯಕ್ಕೆ ‘ಬೋಯ’ ಎನ್ನುತ್ತಾರೆ. ಈ ಗಡಿಸೀಮೆಯ ಎಷ್ಟೋ ಮ್ಯಾಸ ಮನೆಗಳಲ್ಲಿ ಇಂದಿಗೂ ತೆಲುಗೇ ಮನೆಮಾತು.

● ‘ನಾಯಕ’ ಸಂಸ್ಕೃತ ಪದ, ಮುಂದಾಳು ಎಂದರ್ಥ. ವಿಜಯನಗರದ ಕಾಲದಲ್ಲಿ ದಂಡನಾಯಕರ, ಪಾಳೆಯಗಾರರ ಬಿರುದಾಗಿದ್ದ ಇದು ಕ್ರಮೇಣ ಸಮುದಾಯದ ಹೆಸರಾಯಿತು. ಚಿತ್ರದುರ್ಗದ ನಾಯಕರ ಆಳ್ವಿಕೆ 1779ರಲ್ಲಿ ಹೈದರಾಲಿಯ ಕೈಯಲ್ಲಿ ಕೊನೆಗೊಂಡಿತು.

● ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ಹೆಸರಿನಲ್ಲಿ ‘ನಾಯಕ’ನೂ ಇದ್ದಾನೆ, ದನಗಾಹಿಗಳ ‘ಹಟ್ಟಿ’ಯೂ ಇದೆ.

● ಮ್ಯಾಸರ ‘ದೇವರ ಎತ್ತು’ಗಳಿಗೆ ನೊಗ ಹೂಡುವುದಿಲ್ಲ. ಅವನ್ನು ಕಾಯುವವನೇ ಕಿಲಾರಿ. ಕೋಳಿ, ಹಂದಿ ಮಾಂಸ ಮ್ಯಾಸರ ಸಂಪ್ರದಾಯಕ್ಕೆ ನಿಷಿದ್ಧ.

● ನೆರೆಯ ಕಾಡುಗೊಲ್ಲರ ಹೆಸರಲ್ಲೂ ನೆಲೆ, ಕಸುಬು ಎರಡೂ ಇವೆ. ‘ಗೋಪಾಲ’ ಸವೆದು ‘ಗೋವಳ’, ಅದು ಸವೆದು ‘ಗೊಲ್ಲ’. ಚಳ್ಳಕೆರೆ ತಾಲ್ಲೂಕಿನ ಕ್ಯಾತಪ್ಪನ ಜಾತ್ರೆಯಲ್ಲಿ ಇವರು ಬರಿಗಾಲಲ್ಲಿ ಮುಳ್ಳಿನ ಗುಡಿ ಹತ್ತಿ ಕಳಸ ಇಳಿಸುತ್ತಾರೆ.



● ಬೇಡ, ವಾಲ್ಮೀಕಿ ಹೆಸರುಗಳು ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ್ದು 1991ರಲ್ಲಿ. 2008ರಿಂದ ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು.

● ಮೈಸೂರು ಅರಸರ ರಾಸುಗಳ ಇಲಾಖೆಯಾದ ‘ಬೆಣ್ಣೆ ಚಾವಡಿ’ಯನ್ನು ‘ಅಮೃತಮಹಲ್’ ಎಂದು ಕರೆದವನು ಟಿಪ್ಪು. ಅದರ ರಾಸುಗಳಿಗೆಂದು ಬಿಟ್ಟಿದ್ದ ಕಾವಲುಗಳಲ್ಲಿ ಸಾವಿರಾರು ಎಕರೆ ಚಳ್ಳಕೆರೆ ತಾಲ್ಲೂಕಿನಲ್ಲಿ ಈಗ ವಿಜ್ಞಾನ, ರಕ್ಷಣಾ ಸಂಸ್ಥೆಗಳ ಪಾಲಾಗಿದೆ. ಉಳಿದ ಕಾವಲನ್ನು ಬರಡು ನೆಲವೆಂದು ಬಗೆಯಬೇಡಿ. ದೇವರ ಎತ್ತುಗಳು ಮೇಯುವುದೂ ಅಂಥ ಹುಲ್ಲನ್ನೇ, ಅದನ್ನು ಉಳಿಸಿಕೊಳ್ಳೋಣ.