ಯೋಗಕ್ಷೇಮವೂ ಉದ್ಯೋಗರಕ್ಷಣೆಯೂ

ದೊರೆಯದುದನ್ನು ದೊರಕಿಸಿಕೊಳ್ಳುವುದು ಯೋಗ. ದೊರೆತುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಕೌಟಿಲ್ಯನು ದಂಡನೀತಿಯ ಪ್ರಯೋಜನವನ್ನು ನಿರೂಪಿಸುವಲ್ಲಿ, ಕಾಪಾಡಿದುದನ್ನು ಬೆಳೆಸುವುದಾದ ವೃದ್ಧಿಯನ್ನೂ ಪ್ರತ್ಯೇಕವಾಗಿ ಎಣಿಸಿರುವನು. ಈ ವಿಭಾಗವು ಕೇವಲ ಶಬ್ದವಿಲಾಸವಲ್ಲವೆಂಬುದಕ್ಕೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಅನುಭವವೊಂದು ಸಾಕ್ಷಿಯಾಗಿದೆ.

ಆ ದೇಶದಲ್ಲಿ ಮಕ್ಕಳುಳ್ಳ ಬಡ ಕುಟುಂಬಗಳಿಗೆ 1935ರ ಕಾಯಿದೆಯಿಂದ ಸಹಾಯಧನವು ಸಲ್ಲುತ್ತಿದ್ದಿತು. 1996ರ ಶಾಸನವು ಆ ಪದ್ಧತಿಯನ್ನು ಮಾರ್ಪಡಿಸಿ, ಕೇಂದ್ರದ ಹಣದಿಂದ ಕೊಡುವ ಸಹಾಯಕ್ಕೆ ಸಾಮಾನ್ಯವಾಗಿ 60 ತಿಂಗಳ ಮಿತಿಯನ್ನು ಕಟ್ಟಿ, ಪಡೆಯುವವರು ಕೆಲಸಕ್ಕೆ ಸೇರಬೇಕೆಂದು ವಿಧಿಸಿತು. ಅನೇಕರು ಸೇರಿದರು. ಆದರೆ ಬಹುಮಂದಿಗೆ ದೊರೆತದ್ದು ಅಲ್ಪವೇತನದ, ಸ್ಥಿರತೆಯಿಲ್ಲದ ಕೆಲಸ. ಒಂಟಿ ತಾಯಂದಿರೇ ಇವರಲ್ಲಿ ಹೆಚ್ಚು. ಮಗುವಿಗೆ ಜ್ವರ ಬಂದರೆ ನೋಡಿಕೊಳ್ಳುವವರಿಲ್ಲ; ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ; ನಾಲ್ಕು ದಿನ ತಪ್ಪಿದರೆ ಕೆಲಸವೂ ಇಲ್ಲ. ಯೋಗವುಂಟಾಯಿತು, ಕ್ಷೇಮವುಂಟಾಗಲಿಲ್ಲ.

ಈ ಕೊರತೆಗೆ ಪರಿಹಾರವೇನೆಂದು ಅಲ್ಲಿಯ ಸರ್ಕಾರವು ಹಲವು ಊರುಗಳಲ್ಲಿ ಪರೀಕ್ಷೆಗಳನ್ನು ನಡೆಯಿಸಿತು. ಜನರನ್ನು ಚೀಟಿಯೆತ್ತಿದಂತೆ ಎರಡು ಪಂಗಡಗಳಾಗಿ ವಿಂಗಡಿಸಿ, ಒಂದಕ್ಕೆ ಮಾತ್ರ ಹೊಸ ನೆರವನ್ನಿತ್ತು, ಎರಡನ್ನೂ ಹೋಲಿಸಿ ನೋಡಿದರು. 2010ರಲ್ಲಿ ಪ್ರಕಟವಾದ ವರದಿಯಂತೆ 12 ಯೋಜನೆಗಳಲ್ಲಿ ಫಲ ಕಂಡುಬಂದುದು 3ರಲ್ಲಿ ಮಾತ್ರ. ಟೆಕ್ಸಾಸಿನ ಕಾರ್ಪಸ್ ಕ್ರಿಸ್ಟಿಯಲ್ಲಿ, ಸಹಾಯಧನವನ್ನು ಬಿಟ್ಟು ವಾರಕ್ಕೆ 30 ಗಂಟೆಯಾದರೂ ದುಡಿಯುವವರಿಗೆ ತಿಂಗಳಿಗೆ 200 ಡಾಲರು ಕೊಡಲಾಯಿತು. ಷಿಕಾಗೋವಿನಲ್ಲಿ ಇದ್ದ ಕೆಲಸಕ್ಕಿಂತ ಮೇಲಾದುದನ್ನು ಹುಡುಕಿಕೊಟ್ಟರು. ಕ್ಯಾಲಿಫೋರ್ನಿಯದ ರಿವರ್‌ಸೈಡಿನಲ್ಲಿ ಸ್ಥಳೀಯ ಸಂಘಗಳು ನೆರವಿತ್ತು, ಕೆಲಸ ಕಳೆದುಕೊಂಡವರಿಗೆ ಮತ್ತೊಂದನ್ನು ದೊರಕಿಸಲು ಯತ್ನಿಸಿದವು. ಮಿಕ್ಕ ಯೋಜನೆಗಳಲ್ಲಿಯೂ ಸಲಹೆಗಾರರಿದ್ದರು. ಆದಕಾರಣ ಹಿತೋಪದೇಶವೊಂದರಿಂದಲೇ ಕಾರ್ಯಸಿದ್ಧಿಯಾಗದೆಂದು ಊಹಿಸಬೇಕಾಗಿದೆ.

ಬ್ರಿಟನ್ನಿನಲ್ಲಿ 2003ರಲ್ಲಿ ಮೊದಲಾದ ಇಂಥದೇ ಪರೀಕ್ಷೆಯಲ್ಲಿ, ಉದ್ಯೋಗದಲ್ಲಿ ನೆಲೆನಿಂತವರಿಗೆ 400 ಪೌಂಡಿನಂತೆ ಆರು ಸಲದವರೆಗೆ ಬಹುಮಾನವೂ, ಜೊತೆಗೆ ಸಲಹೆಯೂ ದೊರೆಯುತ್ತಿದ್ದುವು. ಒಂಟಿ ತಾಯಿತಂದೆಯರಲ್ಲಿ ಮೊದಲು ತೋರಿದ ಲಾಭವು ನೆರವು ಮುಗಿದ ಬಳಿಕ ಕ್ಷೀಣಿಸಿತು. ದೀರ್ಘಕಾಲ ನಿರುದ್ಯೋಗಿಗಳಾಗಿದ್ದವರಲ್ಲಿಯಾದರೋ ಅದು ಉಳಿಯಿತು. ಒಂದೇ ಔಷಧವು ಎಲ್ಲ ರೋಗಿಗಳಿಗೂ ಒಗ್ಗದೆಂಬ ವೈದ್ಯಶಾಸ್ತ್ರದ ಮಾತು ಇಲ್ಲಿಯೂ ಸಲ್ಲುತ್ತದೆ.

ಯೋಗಕ್ಷೇಮಶಬ್ದವನ್ನು ದ್ವಂದ್ವಸಮಾಸವಾಗಿ ಗ್ರಹಿಸಿದಲ್ಲಿ ಎರಡು ಪದಗಳೂ ಸಮಪ್ರಧಾನವಾದುವು. ಕೆಲಸಕ್ಕೆ ಸೇರಿದವರ ಸಂಖ್ಯೆಯನ್ನೆಣಿಸಿ ತೃಪ್ತರಾಗುವ ಅಧಿಕಾರಿಗಳು ಪೂರ್ವಪದವನ್ನು ಮಾತ್ರ ಓದಿದವರು. ಒಂದು ವರ್ಷದ ಮೇಲೆ ಅವರಲ್ಲಿ ಎಷ್ಟು ಮಂದಿ ಉಳಿದರು, ಎಷ್ಟು ಮಂದಿಯ ವೇತನವು ಏರಿತು ಎಂದು ವಿಚಾರಿಸಿದಾಗಲೇ ಉತ್ತರಪದದ ಅರ್ಥವೂ ಸಿದ್ಧಿಸುವುದು.