‘ಫುಟ್’ ಪದದ ಅರ್ಥವಿಸ್ತಾರ ಮತ್ತು ಕನ್ನಡದ ಸಂವಾದಿ ಪದಗಳು

ಇಂಗ್ಲಿಷಿನ ‘ಫುಟ್’ ದೇಹದ ಅಂಗವೊಂದನ್ನು ಹೆಸರಿಸುವ ಸಾಮಾನ್ಯ ಪದ. ಕನ್ನಡಕ್ಕೆ ಬರುವಾಗ ಅದು ಸಂದರ್ಭಾನುಸಾರ ಕಾಲು, ಅಡಿ, ಪಾದ, ಬುಡ, ಗಣ ಎಂದು ಕವಲೊಡೆಯುತ್ತದೆ. ಈ ಕವಲುಗಳನ್ನು ಗುರುತಿಸದಿದ್ದರೆ ವೈದ್ಯಕೀಯ ಪ್ರಮಾಣಪತ್ರದಿಂದ ಛಂದಶ್ಶಾಸ್ತ್ರದವರೆಗೆ ಅನುವಾದವು ದಾರಿ ತಪ್ಪುತ್ತದೆ.

ಈ ಪದವು ಜರ್ಮಾನಿಕ್ ಮೂಲದ್ದು. ಸಂಸ್ಕೃತದ ‘ಪಾದ’, ಲ್ಯಾಟಿನ್ನಿನ ‘ಪೆಸ್’, ಗ್ರೀಕಿನ ‘ಪೌಸ್’ ಇದರ ಜ್ಞಾತಿಪದಗಳು. ಮೂಲದ ಪಕಾರವು ಜರ್ಮಾನಿಕ್ ಭಾಷೆಗಳಲ್ಲಿ ‘ಫ’ಕಾರವಾದುದನ್ನು ಯಾಕೊಬ್ ಗ್ರಿಮ್ 1822ರಲ್ಲಿ ನಿರೂಪಿಸಿದ ಧ್ವನಿನಿಯಮ ವಿವರಿಸುತ್ತದೆ. ‘ಫೀಟ್’ ಎಂಬ ಬಹುವಚನವೂ ಅಪವಾದವಲ್ಲ. ಪ್ರಾಚೀನ ಬಹುವಚನ ಪ್ರತ್ಯಯದ ಇಕಾರವು ಹಿಂದಿನ ಸ್ವರವನ್ನು ಮಾರ್ಪಡಿಸಿ ತಾನು ಲೋಪವಾದುದರ ಫಲವಿದು. ಕನ್ನಡದ ‘ಅಡಿ’ಯಾದರೋ ದ್ರಾವಿಡ ಪದ, ತಮಿಳು, ಮಲಯಾಳಗಳಲ್ಲಿಯೂ ಇದು ಉಂಟು.

ಇಂಗ್ಲಿಷಿನಲ್ಲಿ ಹರಡಿನ ಕೆಳಗಿನ ಭಾಗ ಮಾತ್ರ ‘ಫುಟ್’. ಅದರ ಮೇಲಿನದು ‘ಲೆಗ್’. ಕನ್ನಡದ ‘ಕಾಲು’ ಎರಡನ್ನೂ ಒಳಗೊಳ್ಳುತ್ತದೆ. ಕಾಲಿಗೆ ಚಪ್ಪಲಿ ಹಾಕುವುದು, ಕಾಲು ಮುರಿಯುವುದು ಎರಡೂ ಸಹಜ ಪ್ರಯೋಗಗಳೇ. ಆದರೆ ಗಾಯದ ಸ್ಥಾನ ನಿರ್ಣಾಯಕವಾಗುವ ನ್ಯಾಯಾಲಯದ ದಾಖಲೆಯಲ್ಲಿ ‘ಫುಟ್’ ಪದಕ್ಕೆ ‘ಪಾದ’ ಎಂದೇ ಬರೆಯುವುದು ಅವಶ್ಯ.

ಅಳತೆಯಲ್ಲಿ ಎರಡೂ ಭಾಷೆಗಳು ಒಂದೇ ದಾರಿ ಹಿಡಿದಿವೆ. ‘ಫುಟ್’ ಹನ್ನೆರಡು ಅಂಗುಲಗಳ ಮಾನ. 1959ರ ಅಂತರರಾಷ್ಟ್ರೀಯ ಒಪ್ಪಂದದಿಂದ ಅದು 0.3048 ಮೀಟರಿಗೆ ಸಮವೆಂದು ಸ್ಥಿರಗೊಂಡಿತು. ಭಾರತವು 1956ರ ಕಾಯಿದೆಯಿಂದ ಮೆಟ್ರಿಕ್ ಪದ್ಧತಿಯನ್ನು ಅಂಗೀಕರಿಸಿದರೂ ಕರ್ನಾಟಕದಲ್ಲಿ ನಿವೇಶನಗಳನ್ನು ಜನರು ಇಂದಿಗೂ ಅಡಿಗಳಲ್ಲಿಯೇ ಹೇಳುತ್ತಾರೆ.

ಕೆಳಭಾಗವೆಂಬ ಲಾಕ್ಷಣಿಕ ಅರ್ಥದಲ್ಲಿ ಬೆಟ್ಟದ ‘ಫುಟ್’ ಕನ್ನಡದಲ್ಲಿ ಬುಡ ಅಥವಾ ತಪ್ಪಲು. ಪುಟದ ಕೆಳಗಿನ ಟಿಪ್ಪಣಿ ‘ಅಡಿಟಿಪ್ಪಣಿ’. ನಡೆದು ಹೋರಾಡುವ ಸೈನಿಕನನ್ನು ಇಂಗ್ಲಿಷ್ ‘ಫುಟ್’ ಪದದಿಂದ ಸೂಚಿಸಿದರೆ ಕನ್ನಡವು ‘ಕಾಲಾಳು’ ಎನ್ನುತ್ತದೆ.

ಹೆಚ್ಚಿನ ಎಚ್ಚರ ಬೇಕಾದುದು ಛಂದಸ್ಸಿನಲ್ಲಿ. ಇಂಗ್ಲಿಷ್ ಪದ್ಯದ ‘ಫುಟ್’ ಎಂದರೆ ಒತ್ತುಳ್ಳ ಮತ್ತು ಒತ್ತಿಲ್ಲದ ಅಕ್ಷರಗಳ ಒಂದು ಗುಂಪು. ಸಾಲಿನ ಒಂದು ಘಟಕ. ಸಂಸ್ಕೃತ, ಕನ್ನಡಗಳ ‘ಪಾದ’ವಾದರೋ ಇಡೀ ಸಾಲು, ತ್ರಿಪದಿ, ಷಟ್ಪದಿಗಳ ಹೆಸರೇ ಇದಕ್ಕೆ ಸಾಕ್ಷಿ. ಶೇಕ್ಸ್‌ಪಿಯರನ ನಾಟಕಗಳ ಸರಳ ರಗಳೆಯಂಥ ಸಾಲಿನಲ್ಲಿ ಐದು ‘ಫೀಟ್’ ಇವೆ. ಅದನ್ನು ‘ಐದು ಪಾದಗಳು’ ಎಂದು ಅನುವಾದಿಸಿದರೆ ಒಂದು ಸಾಲು ಐದು ಸಾಲುಗಳಾಗಿ ತೋರುತ್ತದೆ. ಎಣಿಕೆಯ ಆಧಾರ ಭಿನ್ನವಾದರೂ ಕಾರ್ಯದಲ್ಲಿ ಇದಕ್ಕೆ ಹತ್ತಿರವಾದುದು ‘ಗಣ’.

ವ್ಯುತ್ಪತ್ತಿಯಲ್ಲಿ ‘ಫುಟ್’ ಪದಕ್ಕೆ ತೀರ ಸಮೀಪದ ‘ಪಾದ’ವೇ ಛಂದಸ್ಸಿನಲ್ಲಿ ಅದರಿಂದ ದೂರವಾಗಿದೆ, ಬೇರೆ ಭಾಷಾಕುಲದ ‘ಅಡಿ’ಯು ಅಳತೆಯಲ್ಲಿ ಅದಕ್ಕೆ ನೇರ ಸಂವಾದಿಯಾಗಿದೆ. ಪದಗಳ ಬಾಂಧವ್ಯವು ಅರ್ಥದ ಸಾಮ್ಯವನ್ನು ಖಾತರಿಪಡಿಸುವುದಿಲ್ಲ. ದ್ವಿಭಾಷಾ ನಿಘಂಟುಗಳು ಸಮಾನಪದಗಳನ್ನು ಪಟ್ಟಿ ಮಾಡುವುದರ ಜೊತೆಗೆ ಪ್ರತಿಯೊಂದರ ಪ್ರಯೋಗಕ್ಷೇತ್ರವನ್ನೂ ನಮೂದಿಸಬೇಕಾದುದು ಈ ಕಾರಣದಿಂದಲೇ.